ಬೊಲೊನ್ಯದ ಬೀದಿಗೆ ಸೂರು ಬಂದ ಕಥೆ

ಮೇ ತಿಂಗಳ ಒಂದು ಬೆಳಿಗ್ಗೆ ಬೊಲೊನ್ಯ ರೈಲು ನಿಲ್ದಾಣದಲ್ಲಿ ಇಳಿದಾಗ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಸ್ವೆಟರ್ ಬಿಚ್ಚಿ ಚೀಲಕ್ಕೆ ತುರುಕಿದೆ. ಒಂದು ಕಾಫಿ ಕುಡಿದು ಹೊರಬರುವಷ್ಟರಲ್ಲಿ ದಕ್ಷಿಣದ ಗುಡ್ಡಗಳ ಮೇಲೆ ಮೋಡ ಕವಿದಿತ್ತು. ಗಾಳಿ ಎದ್ದಿತು, ಹಿಂದೆಯೇ ಕಡಲೆಗಾತ್ರದ ಆಲಿಕಲ್ಲು. ಅರ್ಧ ಗಂಟೆಗೆ ಮತ್ತೆ ಬಿಸಿಲು, ಮಧ್ಯಾಹ್ನ ಜಿಟಿಜಿಟಿ, ಸಂಜೆ ಚಳಿ. ಇಟಲಿಯ ಆ ಊರಿನಲ್ಲಿ ನಾನಿದ್ದ ನಾಲ್ಕು ದಿನವೂ ಇದೇ ಪಾಡು. ಆದರೂ ಒಮ್ಮೆಯೂ ಕೊಡೆ ಬಿಚ್ಚಲಿಲ್ಲ, ಒಂದು ಜಾಗವನ್ನೂ ನೋಡದೆ ಬಿಡಲಿಲ್ಲ.

ಆ ಊರಿನ ಬೀದಿಗಳಿಗೆ ಸೂರಿದೆ. ರಸ್ತೆಯ ಅಂಚಿನಲ್ಲಿ ಸಾಲುಗಂಬ, ಕಂಬದಿಂದ ಕಂಬಕ್ಕೆ ಕಮಾನು, ಮೇಲೆ ಜನ ವಾಸಿಸುವ ಕೋಣೆಗಳು, ಕೆಳಗೆ ನಡೆಯುವವರ ಹಾದಿ. ಅಲ್ಲಿಯವರು ಇದನ್ನು ಪೋರ್ತಿಕೊ ಎನ್ನುತ್ತಾರೆ. ನಮ್ಮ ಹಳೆಯ ಮನೆಗಳ ಜಗಲಿಯನ್ನು ಸಾಲಾಗಿ ಜೋಡಿಸಿ ಊರಿಡೀ ಎಳೆದರೆ ಹೇಗಿರುತ್ತದೋ ಹಾಗೆ. ಹಳೆಯ ಪಟ್ಟಣದೊಳಗೇ ಸುಮಾರು 38 ಕಿಲೋಮೀಟರ್, ಹೊರಗಿನದನ್ನೂ ಸೇರಿಸಿದರೆ 62. ಯುನೆಸ್ಕೊ 2021ರಲ್ಲಿ ಇವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಇದರ ಮೂಲದಲ್ಲಿ ಮಳೆಗಿಂತ ಹೆಚ್ಚಾಗಿ ಜಾಗದ ಇಕ್ಕಟ್ಟಿದೆ. ಊರಿನ ವಿಶ್ವವಿದ್ಯಾಲಯದ ಹೆಸರು ಕೇಳಿ ಯೂರೋಪಿನ ಮೂಲೆಮೂಲೆಯಿಂದ ವಿದ್ಯಾರ್ಥಿಗಳು ಬಂದರು. ಬಾಡಿಗೆಗೆ ಕೋಣೆ ಬೇಕಾಯಿತು. ಮನೆಯವರು ಮೇಲಂತಸ್ತನ್ನು ಬೀದಿಯ ಮೇಲಕ್ಕೆ ಚಾಚಿದರು. ಚಾಚಿದ್ದು ಕುಸಿಯದಿರಲೆಂದು ಕೆಳಗೆ ಮರದ ಕಂಬ ಕೊಟ್ಟರು. ಬೀದಿಯ ಮೇಲಿನ ಇಂಥ ಒತ್ತುವರಿ ಆ ಕಾಲದ ಎಷ್ಟೋ ಊರುಗಳಲ್ಲಿತ್ತು. ಬೊಲೊನ್ಯ ಬೇರೆಯಾದದ್ದು 1288ರ ನಗರ ಶಾಸನದಿಂದ. ಹೊಸ ಮನೆ ಕಟ್ಟುವವರು ಪೋರ್ತಿಕೊ ಬಿಡಲೇಬೇಕು, ಇಲ್ಲದ ಹಳೆಯ ಮನೆಗಳಿಗೂ ಸೇರಿಸಬೇಕು ಎಂದಿತು ಆ ಶಾಸನ. ಕುದುರೆ ಸವಾರ ತಲೆ ತಗ್ಗಿಸದೆ ಹೋಗುವಷ್ಟು, ಏಳು ಬೊಲೊನ್ಯ ಅಡಿ, ಅಂದರೆ ಸುಮಾರು 2.66 ಮೀಟರ್ ಎತ್ತರವಿರಬೇಕು. ನೆಲ ಮನೆಯವರದು, ರಿಪೇರಿ ಖರ್ಚೂ ಅವರದೇ. ನಡೆಯುವ ಹಕ್ಕು ಮಾತ್ರ ಎಲ್ಲರದು. ಏಳು ಶತಮಾನಗಳ ಹಿಂದೆ ಒಂದು ಊರು ತನ್ನ ಉಳ್ಳವರಿಗೆ ಇಷ್ಟು ಗಟ್ಟಿಯಾಗಿ ಹೇಳಿತಲ್ಲ ಎಂಬುದು ನನಗೆ ಈಗಲೂ ಅಚ್ಚರಿ.

ರೋಮ್‌ನಲ್ಲಿ ಆದದ್ದು ಇದಕ್ಕೆ ತೀರಾ ಉಲ್ಟಾ. 15ನೇ ಶತಮಾನದ ಕೊನೆಯ ಭಾಗದಲ್ಲಿ ಅಲ್ಲಿಗೆ ಬಂದ ನೇಪಲ್ಸ್‌ನ ದೊರೆ ಫೆರಾಂತೆ, ಬೀದಿಗೆ ಚಾಚಿದ ಈ ಪೋರ್ತಿಕೊ, ಬಾಲ್ಕನಿಗಳು ಇರುವತನಕ ನೀವು ಈ ಊರಿನ ಒಡೆಯರಲ್ಲ ಎಂದು ಪೋಪ್ ನಾಲ್ಕನೇ ಸಿಕ್ಸ್ಟಸ್‌ಗೆ ಹೇಳಿದನಂತೆ. ದಂಗೆ ಎದ್ದರೆ ಮೇಲಿನಿಂದ ಹೆಂಗಸರು ಎಸೆದದ್ದಕ್ಕೇ ಸೈನ್ಯ ಹಿಂದೆ ಸರಿಯಬೇಕಾದೀತು ಎಂಬುದು ಅವನ ಲೆಕ್ಕ. ಆ ಕಾಲದ ದಿನಚರಿಕಾರ ಇನ್ಫೆಸ್ಸೂರ ಬರೆದಿಟ್ಟ ಪ್ರಸಂಗವಿದು. ಪೋಪ್ ಆ ಮಾತು ಕೇಳಿ ರೋಮ್‌ನ ಬೀದಿಗಳ ಚಾಚುಗಳನ್ನು ತೆಗೆಸಿದರು. ಬೊಲೊನ್ಯವೂ ಮುಂದೆ ಪೋಪರ ಆಳ್ವಿಕೆಗೆ ಬಂತು. ಆದರೆ 1568ರಲ್ಲಿ ಅಲ್ಲಿಗೆ ಬಂದ ಆಜ್ಞೆ ಕೆಡವಿರಿ ಎನ್ನಲಿಲ್ಲ. ಮರದ ಕಂಬ ತೆಗೆದು ಇಟ್ಟಿಗೆ, ಕಲ್ಲಿನದು ನಿಲ್ಲಿಸಿ ಎಂದಿತು.

ಅದರಿಂದ ಪೋರ್ತಿಕೊ ಉಳಿಯಿತು, ಮರ ಹೋಯಿತು. ಇಂದು ಮರದ ಕಂಬಗಳು ಬೆರಳೆಣಿಕೆಯಷ್ಟು. ಸ್ತ್ರಾದಾ ಮಜ್ಜೋರೆ ಬೀದಿಯ ಕಾಸಾ ಇಸೊಲಾನಿ ಎಂಬ 13ನೇ ಶತಮಾನದ ಮನೆಯ ಮುಂದೆ ಅಂಥವು ನಿಂತಿವೆ. ಮಾಡಿನ ತೊಲೆಗೆ ನಾಟಿಕೊಂಡಿವೆಯೆಂದು ಹೇಳುವ ಮೂರು ಬಾಣಗಳಿಗಾಗಿ ಪ್ರವಾಸಿಗರೆಲ್ಲ ತಲೆಯೆತ್ತಿ ಹುಡುಕುತ್ತಿದ್ದರು. ನಾನು ಕಂಬದ ಹತ್ತಿರ ಹೋಗಿ ಅಂಗೈ ಇಟ್ಟೆ. ಓಕ್ ಮರ, ಬೂದುಬಣ್ಣಕ್ಕೆ ತಿರುಗಿದೆ. ಉದ್ದಕ್ಕೆ ಸೀಳಿದ ಬಿರುಕಿನಲ್ಲಿ ಬೆರಳ ತುದಿ ಹೋಗುತ್ತದೆ. ಕಂಬದ ಈ ಮಗ್ಗುಲು ಒಣಗಿತ್ತು, ಬೀದಿಯ ಮಗ್ಗುಲು ಮಳೆಗೆ ತೊಯ್ದು ಕಪ್ಪಾಗಿತ್ತು. ಇಂಥ ಕಂಬಗಳ ಒಂದೇ ಒಂದು ಬೀದಿಯನ್ನಾದರೂ ಪೂರ್ತಿಯಾಗಿ ಉಳಿಸಬಾರದಿತ್ತೇ ಎಂದು ಹೊಟ್ಟೆ ಉರಿಯಿತು.

ಇಷ್ಟಾದರೂ ನನ್ನನ್ನು ಹಿಡಿದು ನಿಲ್ಲಿಸಿದ್ದು 1433ರ ಮಳೆ. ಆ ವರ್ಷ ಏಪ್ರಿಲ್‌ನಲ್ಲಿ ಹಿಡಿದ ಮಳೆ ಜೂನ್ ಕಳೆದರೂ ಬಿಡಲಿಲ್ಲ. ಹೊಲದಲ್ಲಿ ಪೈರು ಕೊಳೆಯತೊಡಗಿತು, ಬರಗಾಲದ ಭಯ ಹುಟ್ಟಿತು. ಆಗ ಗ್ರಾತ್ಸಿಯೋಲೊ ಅಕ್ಕಾರೀಸಿ ಎಂಬ ನ್ಯಾಯಶಾಸ್ತ್ರಜ್ಞ, ನಗರದ ಹಿರಿಯರ ಸಭೆಯ ಸದಸ್ಯ, ಒಂದು ಸಲಹೆ ಮುಂದಿಟ್ಟ. ಫ್ಲಾರೆನ್ಸ್‌ನವರು ಕಷ್ಟ ಬಂದಾಗ ಇಂಪ್ರುನೇತಾದ ಮಾತೆ ಮೇರಿಯ ಚಿತ್ರವನ್ನು ಊರಿಗೆ ಹೊತ್ತು ತರುತ್ತಾರೆ. ನಮ್ಮ ಗುಡ್ಡದ ಮೇಲೂ ಸಾನ್ ಲೂಕಾದ ಮಾತೆ ಇದ್ದಾಳೆ, ನಾವೂ ತರೋಣ ಎಂದ. ಕಾನೂನು ಓದಿದ ಮನುಷ್ಯ ಪಕ್ಕದ ಊರಿನ ಪೂರ್ವನಿದರ್ಶನ ತೋರಿಸಿ ದೇವರನ್ನು ಕರೆಸಿದ್ದು ನನಗೆ ಬಹಳ ಹಿಡಿಸಿತು. ಜುಲೈ ಆರಂಭದಲ್ಲಿ ಮೆರವಣಿಗೆ ಹೊರಟಿತು. ಚಿತ್ರ ಪೋರ್ತಾ ಸರಗೊತ್ಸಾ ಎಂಬ ಊರಬಾಗಿಲಿಗೆ ಬರುವಾಗ ಮಳೆ ನಿಂತಿತೆಂದು ಊರು ಇಂದಿಗೂ ಹೇಳುತ್ತದೆ.

ಅಂದಿನಿಂದ ಮಾತೆ ಪ್ರತಿವರ್ಷ ಗುಡ್ಡ ಇಳಿದು ಬರುತ್ತಾಳೆ. ಮಳೆ ನಿಲ್ಲಿಸಿದವಳ ಮೆರವಣಿಗೆಯೇ ಮಳೆಗೆ ಸಿಕ್ಕುವುದನ್ನು ಜನರಿಗೆ ಸಹಿಸಲಾಗಲಿಲ್ಲ. ಆದರೂ ಸುಮಾರು ಎರಡೂವರೆ ಶತಮಾನ ಹಾಗೇ ಕಳೆದು, 1674ರಲ್ಲಿ ಜಾನ್ ಜಾಕೊಮೊ ಮೊಂತಿಯ ನಕ್ಷೆಯಂತೆ ಊರಬಾಗಿಲಿನಿಂದ ಗುಡ್ಡದ ಕಡೆಗೆ ಪೋರ್ತಿಕೊ ಕಟ್ಟಲು ಮೊದಲ ಕಲ್ಲು ಇಟ್ಟರು. ಬಯಲಿನ ಭಾಗ ಬೇಗ ಮುಗಿಯಿತು. ಏರಿಗೆ ಸಾಮಾನು ಸಾಗಿಸುವುದೇ ಕಷ್ಟ. 1677ರ ಅಕ್ಟೋಬರ್ 17ರಂದು ಊರಿನವರು ಗುಡ್ಡದ ಬುಡದ ಮೆಲೊನ್ಚೆಲ್ಲೊದಿಂದ ಮೇಲಕ್ಕೆ ಸಾಲಾಗಿ ನಿಂತು, ಕಟ್ಟಡದ ಸಾಮಾನನ್ನು ಕೈಯಿಂದ ಕೈಗೆ ದಾಟಿಸಿದರು. ಖರ್ಚನ್ನು ಮನೆತನಗಳು, ಸಂಘಗಳು ಕಮಾನಿನ ಲೆಕ್ಕದಲ್ಲಿ ಹಂಚಿಕೊಂಡವು; ಕೊಟ್ಟವರ ಹೆಸರುಗಳು ಗೋಡೆಗಳಲ್ಲಿ ಈಗಲೂ ಇವೆ. ಬಯಲು ಮುಗಿದು ಏರು ಶುರುವಾಗುವಲ್ಲಿ ರಸ್ತೆ ದಾಟಿಸುವ ಸೊಗಸಾದ ಕಮಾನು ಕಾರ್ಲೊ ಫ್ರಾಂಚೆಸ್ಕೊ ದೊತ್ತಿಯದು, 1732ರಲ್ಲಿ ಮುಗಿದದ್ದು. ಒಟ್ಟು 666 ಕಮಾನು, 3.8 ಕಿಲೋಮೀಟರ್.

ಮೂರನೆಯ ದಿನ ಆ ಹಾದಿ ಹತ್ತಿದೆ. ಅರ್ಧ ದಾರಿಯಲ್ಲಿ ಗುಡುಗು, ಹಿಂದೆಯೇ ಮಳೆ. ಯಾರೂ ಗಡಿಬಿಡಿ ಮಾಡಲಿಲ್ಲ. ತರಕಾರಿ ಚೀಲ ಹಿಡಿದ ಅಜ್ಜಿ, ಓಡುತ್ತಿದ್ದ ಹುಡುಗರು, ಜಪಮಾಲೆ ಎಣಿಸುತ್ತಿದ್ದ ದಂಪತಿ ಎಲ್ಲರೂ ಮೊದಲಿನ ಗತಿಯಲ್ಲೇ ಸಾಗಿದರು. ಕಮಾನಿನ ಹೊರಗೆ ನೀರು ಪರದೆಯಂತೆ ಸುರಿಯುತ್ತಿತ್ತು, ಒಳಗೆ ನೆಲ ಒಣಗಿತ್ತು.

ಆಮೇಲಿನ ಇತಿಹಾಸ ಸಪ್ಪೆ, ಒಂದನ್ನು ಬಿಟ್ಟು. ಎರಡನೇ ಮಹಾಯುದ್ಧದ ನಂತರ ಬಾರ್ಕಾ ಎಂಬ ಹೊಸ ಬಡಾವಣೆಗೆ ಜ್ಯುಸೆಪ್ಪೆ ವಕ್ಕಾರೊ ಸಾಮಾನ್ಯರ ವಸತಿ ವಿನ್ಯಾಸ ಮಾಡಿದಾಗ ಕಾಂಕ್ರೀಟ್ ಮನೆಸಾಲಿನ ಕೆಳಗೂ ಪೋರ್ತಿಕೊ ಬಿಟ್ಟ. ಉದ್ದಕ್ಕೆ ಸಾಗುವ ಆ ಕಟ್ಟಡವನ್ನು ಜನ ‘ರೈಲು’ ಎಂದೇ ಕರೆಯುತ್ತಾರೆ.

ಹೋಗುವವರಿಗೆ ಒಂದು ಮಾತು. ಮಾತೆ ಗುಡ್ಡ ಇಳಿಯುವುದು ಮೇ ತಿಂಗಳ ಆಸುಪಾಸಿನ ಒಂದು ಶನಿವಾರ, ಮತ್ತೆ ಗುಡ್ಡ ಹತ್ತುವುದು ಎಂಟು ದಿನ ಕಳೆದು ಭಾನುವಾರ. ಆ ವಾರ ನೋಡಿಕೊಂಡು ಹೋಗಿ. ಮಳೆ ಬಂದರೆ ಪೋರ್ತಾ ಸರಗೊತ್ಸಾದಿಂದ ಗುಡ್ಡದ ಮೇಲಿನ ಮಾತೆಯ ಗುಡಿಯವರೆಗೆ ಒಂದು ಹನಿಯೂ ತಾಗದಂತೆ ನಡೆದುಬಿಡಬಹುದು.