ಕೋಳಿ ಸಾಯದಿದ್ದರೆ ಹಕ್ಕಿ ಜ್ವರ ಇಲ್ಲವೆಂದೇ ಅರ್ಥವೇ?

ಹಕ್ಕಿ ಜ್ವರದ ಸುದ್ದಿ ಬಂದಾಗಲೆಲ್ಲ ಕೋಳಿ ಅಂಗಡಿಯವರು ಹೇಳುವ ಮಾತೊಂದಿದೆ: “ನಮ್ಮ ಕೋಳಿಗಳೆಲ್ಲ ಚೆನ್ನಾಗಿವೆ ನೋಡಿ, ಇಲ್ಲಿ ಏನೂ ಇಲ್ಲ.” ಎಚ್5ಎನ್1 ವೈರಸ್ಸಿನ ಮಟ್ಟಿಗೆ ಈ ಮಾತು ಬಹುಪಾಲು ನಿಜ. ಅದು ಹೊಕ್ಕ ಫಾರಂನಲ್ಲಿ ಕೆಲವೇ ದಿನಗಳಲ್ಲಿ ಕೋಳಿಗಳು ರಾಶಿರಾಶಿಯಾಗಿ ಸಾಯುತ್ತವೆ. 2012ರಲ್ಲಿ ಬೆಂಗಳೂರಿನ ಹೆಸರಘಟ್ಟದಲ್ಲಿ ಟರ್ಕಿ ಕೋಳಿಗಳು ಸತ್ತಾಗಲೇ ಅನುಮಾನ ಬಂದು, ಭೋಪಾಲದ ಪ್ರಯೋಗಾಲಯ ಅದನ್ನು ಖಚಿತಪಡಿಸಿತ್ತು.

ಆದರೆ ಎಲ್ಲ ಹಕ್ಕಿ ಜ್ವರವೂ ಹೀಗಲ್ಲ. 2013ರಲ್ಲಿ ಚೀನಾದಲ್ಲಿ ಎಚ್7ಎನ್9 ಎಂಬ ಹೊಸ ವೈರಸ್ ಮನುಷ್ಯರಲ್ಲಿ ಕಾಣಿಸಿತು. ಮುಂದಿನ ಕೆಲವು ವರ್ಷಗಳಲ್ಲಿ 1,500ಕ್ಕೂ ಹೆಚ್ಚು ಜನರಿಗೆ ತಗುಲಿತು, 600ಕ್ಕೂ ಹೆಚ್ಚು ಮಂದಿ ತೀರಿಕೊಂಡರು. ವಿಚಿತ್ರವೆಂದರೆ ಆರಂಭದ ವರ್ಷಗಳಲ್ಲಿ ಕೋಳಿಗಳಿಗೆ ಏನೂ ಆಗುತ್ತಿರಲಿಲ್ಲ! ಮೇವು ತಿನ್ನುತ್ತ ಓಡಾಡಿಕೊಂಡಿದ್ದ ಕೋಳಿಯೇ ವೈರಸ್ ಹೊತ್ತಿರುತ್ತಿತ್ತು.

ಹಾಗಾದರೆ ಹುಡುಕುವುದು ಹೇಗೆ? ಹಕ್ಕಿಯನ್ನು ಬಿಟ್ಟು ಜಾಗವನ್ನು ಪರೀಕ್ಷಿಸಬೇಕು. ಪಂಜರದ ತಳದ ಹಿಕ್ಕೆ, ಕುಡಿಯುವ ನೀರು, ಮಾಂಸ ಕತ್ತರಿಸುವ ಹಲಗೆ, ಪುಕ್ಕ ಕೀಳುವ ಯಂತ್ರ, ತೊಳೆದ ನೀರು ಹರಿಯುವ ಮೋರಿ: ಇವನ್ನು ಹತ್ತಿ ಸುತ್ತಿದ ಕಡ್ಡಿಯಿಂದ ಒರೆಸಿ, ತಂಪು ಪೆಟ್ಟಿಗೆಯಲ್ಲಿಟ್ಟು ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಒಂದು ಕೋಳಿಯ ಗಂಟಲಿನ ಮಾದರಿ ಆ ಒಂದು ಕೋಳಿಯ ಕಥೆಯನ್ನಷ್ಟೇ ಹೇಳುತ್ತದೆ. ಕತ್ತರಿಸುವ ಹಲಗೆಯಾದರೋ ಅಂದು ಅದರ ಮೇಲೆ ಬಿದ್ದ ನೂರಾರು ಕೋಳಿಗಳ ಗುರುತು ಹೊತ್ತಿರುತ್ತದೆ. ಕೋಳಿ ಹಿಡಿಯುವ ಗದ್ದಲವೂ ಇಲ್ಲ, ವ್ಯಾಪಾರಿಯ ಮುನಿಸೂ ಕಡಿಮೆ.

ಇಲ್ಲಿ ಎರಡು ತಪ್ಪು ತಿಳಿವಳಿಕೆಗಳಿಗೆ ಜಾಗವಿದೆ. ಪಿಸಿಆರ್ ಪರೀಕ್ಷೆ ಹುಡುಕುವುದು ವೈರಸ್ಸಿನ ಆರ್‌ಎನ್‌ಎ ತುಣುಕನ್ನು. ಆ ವೈರಸ್ ನಿರ್ಜೀವವಾಗಿದ್ದರೂ ಫಲಿತಾಂಶ ‘ಪಾಸಿಟಿವ್’ ಬರಬಹುದು. ಸೋಂಕು ತಗುಲಿಸುವ ಶಕ್ತಿ ಇದೆಯೇ ಎಂದು ತಿಳಿಯಲು ಮಾದರಿಯನ್ನು ಭ್ರೂಣವಿರುವ ಕೋಳಿಮೊಟ್ಟೆಗೆ ಚುಚ್ಚಿ ಬೆಳೆಸಿ ನೋಡಬೇಕು. ಇನ್ನು ‘ನೆಗೆಟಿವ್’ ಬಂದರೆ ನಿಶ್ಚಿಂತೆ ಎನ್ನುವುದೂ ತಪ್ಪು. ಸೋಪು ಹಾಕಿ ಉಜ್ಜಿದ ಕೂಡಲೇ ಮಾದರಿ ತೆಗೆದರೆ ಅಥವಾ ಅದು ದಾರಿಯಲ್ಲಿ ಬಿಸಿಲಿಗೆ ಕಾದರೆ ಏನೂ ಸಿಗದೇ ಹೋಗಬಹುದು. ಅಂದಹಾಗೆ, ಹಲಗೆಯ ಮೇಲೆ ವೈರಸ್ ಸಿಕ್ಕಿತೆಂದು ಬೇಯಿಸಿದ ಕೋಳಿಗೆ ಹೆದರಬೇಕಿಲ್ಲ. ಒಳಗಿನ ಮಾಂಸವೂ 70 ಡಿಗ್ರಿ ಸೆಲ್ಸಿಯಸ್ ಮುಟ್ಟುವಂತೆ ಬೆಂದರೆ ವೈರಸ್ ಉಳಿಯದು. ಅಪಾಯ ಹೆಚ್ಚಿರುವುದು ಜೀವಂತ ಕೋಳಿ ಹಿಡಿಯುವವರಿಗೆ, ಕೊಯ್ಯುವವರಿಗೆ, ಪುಕ್ಕ ಕೀಳುವವರಿಗೆ.

ಚೀನಾದಲ್ಲಿ ಮಾರುಕಟ್ಟೆಗಳೇ ಸೋಂಕಿನ ಮೂಲವೆಂಬ ಅನುಮಾನ ಬಲವಾದಾಗ ಶಾಂಘೈ, ಹಾಂಗ್‌ಝೌ, ಹುಝೌ, ನಾನ್‌ಜಿಂಗ್ ನಗರಗಳು ಜೀವಂತ ಕೋಳಿ ಮಾರಾಟ ನಿಲ್ಲಿಸಿದವು. ಅಲ್ಲಿ ಮನುಷ್ಯರಿಗೆ ಸೋಂಕು ತಗುಲುವ ಪ್ರಮಾಣ ಶೇ. 97ಕ್ಕೂ ಹೆಚ್ಚು ಇಳಿಯಿತೆಂದು ಸಂಶೋಧಕರು ಲೆಕ್ಕ ಹಾಕಿದರು. ಆದರೆ ಮುಚ್ಚಿದರೆ ವ್ಯಾಪಾರಿಯ ಹೊಟ್ಟೆಪಾಡು? ಹಾಂಗ್‌ಕಾಂಗ್ ಅದಕ್ಕೂ ಮೊದಲೇ ನಡುದಾರಿಯೊಂದನ್ನು ಹಿಡಿದಿತ್ತು. 2001ರಲ್ಲಿ ತಿಂಗಳಿಗೊಂದು ದಿನ ಎಲ್ಲ ಅಂಗಡಿಗಳನ್ನೂ ಖಾಲಿ ಮಾಡಿ ತೊಳೆಯುವ ನಿಯಮ ತಂದಿತು. 2008ರಲ್ಲಿ ರಾತ್ರಿ ಅಂಗಡಿಯಲ್ಲಿ ಜೀವಂತ ಕೋಳಿ ಉಳಿಸಿಕೊಳ್ಳುವುದನ್ನೇ ನಿಷೇಧಿಸಿತು. ನಿನ್ನೆ ಉಳಿದ ಕೋಳಿಗಳಿರುವ ಪಂಜರಕ್ಕೇ ಇಂದಿನ ಲೋಡು ಬಂದು ಬಿದ್ದರೆ, ವೈರಸ್ಸಿಗೆ ಹೊಸ ಹಕ್ಕಿಗಳನ್ನು ನಾವೇ ಒದಗಿಸಿದಂತೆ.