ಮನೆ ಒಡೆಸ್ತೀರಿ, ಇರೋದೆಲ್ಲಿ?

ಪುಣೆ ಹತ್ತಿರದ ತಳೇಗಾಂವ ದಾಭಾಡೆಯಲ್ಲಿ ಮನೆ ರಿನೋವೇಶನ್ನಾ? ಟೈಲ್ಸ್ ಆರಿಸೋದು ಆಮೇಲೆ. ಮೂರು ತಿಂಗಳು ಅಜ್ಜಿ, ಮಕ್ಕಳು, ಫ್ರಿಜ್ಜು ಎಲ್ಲಿರಬೇಕು, ಮೊದಲು ಅದನ್ನ ನೋಡಿ.

ನಿಮ್ಮ ಸೊಸೈಟಿಯಲ್ಲೇ ಖಾಲಿ ಫ್ಲ್ಯಾಟ್ ಇದೆಯಾ ಅಂತ ವಾಚ್‌ಮನ್‌ನ ಕೇಳಿ. ಬಾಡಿಗೆ ಸ್ವಲ್ಪ ಜಾಸ್ತಿಯಾದರೂ ಸರಿ. ಸ್ಕೂಲ್ ಬಸ್ ಬದಲಾಗಲ್ಲ, ಕೆಲಸದವರ ಮೇಲೂ ಒಂದು ಕಣ್ಣಿಡಬಹುದು. ವೀಕೆಂಡ್ ಬಂಗಲೆಗಳೂ ಇಲ್ಲಿ ಸಿಗುತ್ತವೆ. ಆದರೆ ಹಾಲು ತರೋಕೂ ಗಾಡಿ ತೆಗೀಬೇಕಾದೀತು.

ಇನ್ನು ಕರಾರು. ನಮ್ಮ ಬೆಂಗಳೂರಲ್ಲಿ ಸ್ಟಾಂಪ್ ಪೇಪರ್ ಮೇಲೆ 11 ತಿಂಗಳು ಅಂತ ಬರೆದು ಮುಗಿಸ್ತೀವಲ್ಲ, ಅದು ಇಲ್ಲಿ ನಡೆಯಲ್ಲ. ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ 1999, ಸೆಕ್ಷನ್ 55: ಲೀವ್ ಅಂಡ್ ಲೈಸೆನ್ಸ್ (ಇಲ್ಲಿನ ಬಾಡಿಗೆ ಕರಾರು) ಎರಡೇ ತಿಂಗಳದ್ದಾದರೂ ನೋಂದಣಿ ಕಡ್ಡಾಯ. ಹೊಣೆ ಮಾಲೀಕರದ್ದು. ನೋಂದಣಿಯಿಲ್ಲದೆ ಜಗಳವಾದರೆ, ಸುಳ್ಳೆಂದು ಸಾಬೀತಾಗೋ ತನಕ ಬಾಡಿಗೆದಾರ ಹೇಳಿದ ಷರತ್ತೇ ನಿಜ! ಆಧಾರ್ ಹೆಬ್ಬೆಟ್ಟು ಒತ್ತಿದರೆ ನೋಂದಣಿ ಆನ್‌ಲೈನ್‌ನಲ್ಲೇ ಮುಗಿಯುತ್ತೆ.

ಸಹಿಗೆ ಮುಂಚೆ ಲಾಕ್-ಇನ್ ಸಾಲು ಓದಿ. ಆರು ತಿಂಗಳು ಅಂತಿದ್ದರೆ, ಮನೆ ಮೂರಕ್ಕೇ ರೆಡಿಯಾದರೂ ಬಾಡಿಗೆ ತಪ್ಪಲ್ಲ.

ಕಂಟ್ರಾಕ್ಟರ್ ಹೇಳಿದ ತಾರೀಕಿಗೆ ಒಂದು ತಿಂಗಳು ಸೇರಿಸಿ. ಕೆಲಸ ಜೂನ್ ದಾಟುತ್ತೆ ಅಂದ್ರೆ ಎರಡು. ಸಹ್ಯಾದ್ರಿ ಪಕ್ಕದ ಮಳೆಗೆ ಪ್ಲಾಸ್ಟರ್ ಒಣಗಲ್ಲ, ಪೇಂಟರ್ ಫೋನ್ ಎತ್ತಲ್ಲ.