ಮರದ ಮೈಮೇಲಿನ ಕಲ್ಲುಹೂವು: ಕೆರೆಯುವ ಮುನ್ನ ಒಂದು ಮಾತು



ಕಳೆದ ಸುಗ್ಗಿಯ ಕೊನೆಯಲ್ಲಿ, ಕಾಫಿ ಕೊಯ್ಲು ಮುಗಿದು ಕಣದ ಕೆಲಸ ಇನ್ನೂ ನಡೆಯುತ್ತಿದ್ದಾಗ, ಸಾಂಬಾರ ಪದಾರ್ಥಗಳ ವ್ಯಾಪಾರಿಯೊಬ್ಬರು ನಮ್ಮ ಸಂಘದ ಕಛೇರಿಗೆ ಬಂದಿದ್ದರು. ಅವರಿಗೆ ಬೇಕಾಗಿದ್ದುದು ಕಾಫಿಯಲ್ಲ, ಅಡಿಕೆಯಲ್ಲ, ಕಾಳುಮೆಣಸೂ ಅಲ್ಲ. ನಮ್ಮ ಸಿಲ್ವರ್ ಓಕ್, ಹಲಸಿನ ಮರಗಳ ಮೈಗೆ ಅಂಟಿಕೊಂಡಿರುವ ಬೂದು ಬಣ್ಣದ ಕಲ್ಲುಹೂವು! "ನಿಮಗೆ ಹೇಗೂ ಅದು ಕಸ. ಕೆರೆಸಿ ಕೊಟ್ಟರೆ ತೂಕ ಹಾಕಿ ಹಣ ಕೊಡುತ್ತೇನೆ" ಎಂದರು. ಅಲ್ಲೇ ಕುಳಿತಿದ್ದ ಹಿರಿಯ ಸದಸ್ಯರೊಬ್ಬರು, "ಕೊಟ್ಟುಬಿಡಿ ಸೆಕ್ರೆಟರಿಗಳೇ. ಮರದ ರಸ ಹೀರುವ ಪೀಡೆ ತೊಲಗಿದ ಹಾಗೂ ಆಯಿತು, ನಾಲ್ಕು ಕಾಸು ಬಂದ ಹಾಗೂ ಆಯಿತು" ಎಂದರು.

ಆ ದಿನ ನಾನು ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ಆಡಳಿತ ಮಂಡಳಿಯ ಮುಂದೆ ಇಡುತ್ತೇನೆಂದು ಹೇಳಿ ಕಳುಹಿಸಿದೆ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದಿದವನು ನಾನು. ಮೂವತ್ತು ವರ್ಷಗಳಿಂದ ತೋಟದಲ್ಲಿ ಇದನ್ನು ದಿನವೂ ನೋಡುತ್ತಿರುವವನು. ಮಂಡಳಿಯು ತೀರ್ಮಾನ ಮಾಡುವ ಮುನ್ನ ಸದಸ್ಯರೆಲ್ಲರಿಗೂ ವಿಷಯ ತಿಳಿದಿರಲಿ ಎಂಬ ಉದ್ದೇಶದಿಂದ ಈ ಲೇಖನ.

ಇಬ್ಬರೇ ಸದಸ್ಯರ ಸಹಕಾರ ಸಂಘ

ಕಲ್ಲುಹೂವು ಹೂವಲ್ಲ. ಪಾಚಿಯೂ ಅಲ್ಲ. ವಿಜ್ಞಾನಿಗಳು ಲೈಕೆನ್ ಎಂದು ಕರೆಯುವ ಈ ಜೀವಿ, ಒಂದು ಶಿಲೀಂಧ್ರವೂ ಒಂದು ಶೈವಲವೂ ಕೂಡಿ ಆದದ್ದು. ಶಿಲೀಂಧ್ರವು ಮನೆ ಕಟ್ಟಿ, ನೀರು ಹಿಡಿದಿಟ್ಟು, ಬಿಸಿಲಿನಿಂದ ರಕ್ಷಣೆ ಕೊಡುತ್ತದೆ. ಹಸಿರು ಶೈವಲವು ಬೆಳಕಿನಲ್ಲಿ ಆಹಾರ ತಯಾರಿಸಿ ಇಬ್ಬರಿಗೂ ಹಂಚುತ್ತದೆ. ಸ್ವಿಟ್ಜರ್‌ಲೆಂಡಿನ ಸಸ್ಯಶಾಸ್ತ್ರಜ್ಞ ಸೈಮನ್ ಶ್ವೆಂಡನರ್ 1867ರಲ್ಲಿ ಈ ಮಾತನ್ನು ಹೇಳಿದಾಗ ಅಂದಿನ ಪಂಡಿತರು ಅನೇಕರು ಒಪ್ಪಲಿಲ್ಲ. ಬೈಲಾ ಇಲ್ಲದೆ, ಲೆಕ್ಕಪರಿಶೋಧನೆ ಇಲ್ಲದೆ ನಡೆಯುತ್ತಿರುವ ಇಬ್ಬರೇ ಸದಸ್ಯರ ಸಹಕಾರ ಸಂಘ ಇದು ಎಂದು ನಾನು ತಮಾಷೆಗೆ ಹೇಳುವುದುಂಟು.

ಲೋಕದಲ್ಲಿ ಸುಮಾರು 20,000 ಜಾತಿಯ ಲೈಕೆನ್‌ಗಳಿವೆ. ನಮ್ಮ ದೇಶದಲ್ಲಿಯೇ 2,000ಕ್ಕೂ ಹೆಚ್ಚು. ಇವುಗಳ ಅಧ್ಯಯನಕ್ಕೆ ಭಾರತದಲ್ಲಿ ಭದ್ರವಾದ ಅಡಿಪಾಯ ಹಾಕಿದವರು ಲಖನೌದ ಡಿ. ಡಿ. ಅವಸ್ಥಿಯವರು. ನಮ್ಮ ಅಡಿಕೆ ಮರದ ಕಾಂಡದ ಮೇಲೆ ಸುಣ್ಣ ಬಳಿದಂತೆ ಕಾಣುವ ಬಿಳಿ ಮಚ್ಚೆಗಳು, ಆ ಮಚ್ಚೆಗಳ ಮೇಲೆ ಯಾರೋ ಕಪ್ಪು ಮಸಿಯಲ್ಲಿ ಗೀಚಿದಂತೆ ಕಾಣುವ ಗೆರೆಗಳು, ಎತ್ತರದ ತೋಟಗಳಲ್ಲಿ ಕೊಂಬೆಯಿಂದ ಮುದುಕನ ಗಡ್ಡದಂತೆ ಜೋಲುವ ಎಳೆಗಳು, ಇವೆಲ್ಲವೂ ಲೈಕೆನ್‌ಗಳೇ.

ಅಡಿಗೆಮನೆಗೆ ಬರುವ ಕಲ್ಲುಹೂವು ಎಲೆಯಂತೆ ಹರಡುವ ಬಗೆ. ಅದರ ಶಾಸ್ತ್ರೀಯ ಹೆಸರು ಪಾರ್ಮೊಟ್ರೀಮಾ ಪರ್ಲಾಟಮ್. ಮೇಲ್ಮೈ ಬೂದು ಬಣ್ಣ, ತಳ ಕಪ್ಪು, ಅಂಚು ಅಲೆಅಲೆಯಾಗಿ ಮಡಿಚಿರುತ್ತದೆ. ಅಂಚಿನಲ್ಲಿ ಹಿಟ್ಟು ಉದುರಿಸಿದಂಥ ಪುಡಿ ಇರುತ್ತದೆ. ಆ ಪುಡಿಯ ಒಂದೊಂದು ಕಣದಲ್ಲಿಯೂ ಶಿಲೀಂಧ್ರ ಮತ್ತು ಶೈವಲ ಎರಡೂ ಇರುವುದರಿಂದ, ಗಾಳಿಮಳೆಗೆ ಅದು ಬೇರೆ ಕೊಂಬೆಗೆ ಹೋಗಿ ಬಿದ್ದರೆ ಅಲ್ಲಿ ಹೊಸ ಸಂಸಾರ ಶುರುವಾಗುತ್ತದೆ.

ಮರದ ರಸ ಹೀರುತ್ತದೆಯೇ?

ಇಲ್ಲ. ಇದನ್ನು ಸ್ಪಷ್ಟವಾಗಿ ತಿಳಿಯಬೇಕು. ಬಂದಳಿಕೆ ನಿಜವಾದ ಪರಾವಲಂಬಿ. ಅದು ಕೊಂಬೆಯೊಳಕ್ಕೆ ಬೇರಿನಂಥ ಅಂಗ ಇಳಿಸಿ ರಸ ಕುಡಿಯುತ್ತದೆ. ಅದನ್ನು ಕೊಂಬೆ ಸಮೇತ ಕಡಿಯಲೇಬೇಕು. ಎಲೆಗಳ ಮೇಲೆ ಕಿತ್ತಳೆ ಚುಕ್ಕೆಯಾಗಿ ಕಾಣುವ ಕೆಂಪು ತುಕ್ಕು ಕೂಡ ಗಿಡಕ್ಕೆ ಕೆಡುಕು ಮಾಡುವ ಶೈವಲವೇ. ಕಲ್ಲುಹೂವಿಗಾದರೋ ಬೇರಿಲ್ಲ. ತಳದಲ್ಲಿರುವ ಸಣ್ಣ ಎಳೆಗಳು ಸತ್ತ ತೊಗಟೆಯನ್ನು ಹಿಡಿದುಕೊಳ್ಳುವುದಕ್ಕೆ ಮಾತ್ರ. ನೀರು, ಖನಿಜ ಎಲ್ಲವೂ ಅದಕ್ಕೆ ಸಿಕ್ಕುವುದು ಮಳೆ, ಮಂಜು, ಗಾಳಿಯ ಧೂಳಿನಿಂದ. ಬಂಡೆಯ ಮೇಲೂ, ಹಳೆಯ ಹೆಂಚಿನ ಮೇಲೂ ಲೈಕೆನ್ ಬೆಳೆಯುತ್ತದಲ್ಲ, ಹೆಂಚಿನಲ್ಲಿ ಹೀರಲು ಯಾವ ರಸವಿದೆ?

"ಹಾಗಾದರೆ ಸೊರಗಿದ ಗಿಡದ ಮೇಲೆಯೇ ಅದು ಹೆಚ್ಚಾಗಿ ಕಾಣುವುದೇಕೆ?" ಎಂದು ಕೇಳಬಹುದು. ಪ್ರಶ್ನೆ ಸರಿಯಾದದ್ದೇ. ಗಿಡ ಸೊರಗಿದಾಗ ಎಲೆ ಉದುರಿ ಕೊಂಬೆಯ ಮೇಲೆ ಬೆಳಕು ಬೀಳುತ್ತದೆ. ಬೆಳವಣಿಗೆ ನಿಧಾನವಾಗಿ ತೊಗಟೆ ಹೊಸದಾಗುವುದಿಲ್ಲ. ಬೆಳಕೂ ಕದಲದ ತೊಗಟೆಯೂ ಸಿಕ್ಕರೆ ಕಲ್ಲುಹೂವು ಹರಡಿಕೊಳ್ಳುತ್ತದೆ. ಗಿಡ ಸೊರಗಿದ್ದರಿಂದ ಕಲ್ಲುಹೂವು ಬಂತೇ ಹೊರತು ಕಲ್ಲುಹೂವಿನಿಂದ ಗಿಡ ಸೊರಗಲಿಲ್ಲ.

ಇದನ್ನು ನಾನು ಪುಸ್ತಕದಿಂದ ಕಲಿತಿದ್ದರೂ ತೋಟದಲ್ಲಿ ಮರೆತೆ. ಓದು ಮುಗಿಸಿ ಬಂದ ಹೊಸತರಲ್ಲಿ, ನಮ್ಮ ಮೇಲಿನ ಪಟ್ಟಿಯ ಹಳೆಯ ಅರೇಬಿಕಾ ಗಿಡಗಳು ಬಡವಾಗಿದ್ದವು, ಮೈತುಂಬ ಲೈಕೆನ್. ಅಪ್ಪಯ್ಯ ಬೇಡವೆಂದರೂ ಕೇಳದೆ ಆರು ಆಳುಗಳನ್ನು ಹಾಕಿ ಕತ್ತಿಯ ಬೆನ್ನಿನಿಂದ ಕೊಂಬೆ ಕೊಂಬೆ ಕೆರೆಸಿದೆ. ಹದಿನೈದು ದಿನದ ಕೂಲಿ ಹೋಯಿತು. ಎಷ್ಟೋ ಕೊಂಬೆಗಳ ಹಸಿ ತೊಗಟೆಯೇ ಎದ್ದು, ಮುಂದಿನ ಮಳೆಗಾಲದಲ್ಲಿ ಒಣಗಿದವು. ಆಮೇಲೆ ಮಣ್ಣು ಪರೀಕ್ಷೆ ಮಾಡಿಸಿದಾಗ ತಿಳಿಯಿತು, ಹುಳಿ ವಿಪರೀತವಾಗಿತ್ತು. ಸುಣ್ಣ ಕೊಟ್ಟು, ಗೊಬ್ಬರ ಕೊಟ್ಟು, ನೆರಳು ಸರಿಪಡಿಸಿದ ಮೇಲೆ ಉಳಿದ ಗಿಡಗಳು ಚೇತರಿಸಿಕೊಂಡವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಗಿತ್ತು ನನ್ನ ಕೆಲಸ. ಅಪ್ಪಯ್ಯ ಏನೂ ಅನ್ನಲಿಲ್ಲ. ಕೂಲಿ ಲೆಕ್ಕದ ಪುಸ್ತಕವನ್ನು ನನ್ನ ಮುಂದೆ ಇಟ್ಟು ಎದ್ದು ಹೋದರು.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಅರೇಬಿಕಾ ಗಿಡದ ಮುಖ್ಯ ಕಾಂಡವನ್ನು ಉಜ್ಜುವುದು ಬೇರೆಯ ಮಾತು. ಬಿಳಿ ಕಾಂಡಕೊರಕದ ದುಂಬಿ ತೊಗಟೆಯ ಬಿರುಕುಗಳಲ್ಲಿ ಮೊಟ್ಟೆ ಇಡುತ್ತದೆ. ಆದುದರಿಂದ ದುಂಬಿ ಹಾರುವ ಏಪ್ರಿಲ್-ಮೇ ಹಾಗೂ ಅಕ್ಟೋಬರ್-ಡಿಸೆಂಬರ್ ಅವಧಿಗೆ ಮೊದಲು ಸಡಿಲ ತೊಗಟೆಯನ್ನು ತೆಂಗಿನ ನಾರಿನಿಂದಲೋ ಗೋಣಿಯಿಂದಲೋ ಉಜ್ಜಿ ತೆಗೆಯುವುದು ಒಳ್ಳೆಯ ಪದ್ಧತಿ; ಅದನ್ನು ಬಿಡಬಾರದು. ಆಗ ಅಲ್ಲಿಯ ಲೈಕೆನ್ ಹೋದರೆ ಹೋಗಲಿ. ಆದರೆ ಹರಿತವಾದ ಹತಾರ ಬೇಡ, ಹಸಿ ತೊಗಟೆ ಏಳಬಾರದು. ಹಾಗೆಯೇ ಅಡಿಕೆ ಮರದ ಕಾಂಡಕ್ಕೆ ಸುಣ್ಣ ಬಳಿಯುವುದು ಪಡುವಣ ಬಿಸಿಲಿನ ಬೇಗೆಯಿಂದ ಕಾಪಾಡಲು, ಬಿಳಿ ಮಚ್ಚೆಯ ಮೇಲಿನ ಸಿಟ್ಟಿಗಲ್ಲ.

ಬೆಳೆಯುವ ಬಗೆ

ಕಲ್ಲುಹೂವಿಗೆ ಬೇಕಾದದ್ದು ನಾಲ್ಕು: ಶುದ್ಧ ಗಾಳಿ, ಸೋಸಿ ಬಂದ ಬೆಳಕು, ಮಂಜು ಅಥವಾ ಇಬ್ಬನಿ, ಕದಲದ ತೊಗಟೆ. ಸೀಬೆ, ನೀಲಗಿರಿಯಂತೆ ಸಿಪ್ಪೆ ಕಳಚುವ ಮರಗಳಲ್ಲಿ ಅದು ನೆಲೆಯೂರುವುದಿಲ್ಲ. ಕಾಫಿ ತೋಟದ ನೆರಳು ಮರಗಳಲ್ಲಿ ಮೇಲಿನ ನಾಲ್ಕೂ ಒಟ್ಟಿಗೆ ಸಿಕ್ಕುತ್ತವೆ. ಬೇಸಿಗೆಯಲ್ಲಿ ಅದು ಒಣಗಿ, ಮುಟ್ಟಿದರೆ ಪುಡಿಯಾಗುವಂತಿರುತ್ತದೆ, ಸತ್ತಿರುವುದಿಲ್ಲ, ನಿದ್ದೆಯಲ್ಲಿರುತ್ತದೆ. ಒಂದು ಹನಿ ನೀರು ಹಾಕಿ ನೋಡಿ: ಕೆಲವೇ ನಿಮಿಷದಲ್ಲಿ ಬೂದು ಬಣ್ಣ ಹೋಗಿ ಹಸಿರಾಗುತ್ತದೆ. ಮೇಲಿನ ಪದರ ಒದ್ದೆಯಾಗಿ ಪಾರದರ್ಶಕವಾದೊಡನೆ ಒಳಗಿನ ಶೈವಲ ಕಾಣಿಸುತ್ತದೆ. ಬೆಳಗಿನ ಇಬ್ಬನಿ ಆರುವವರೆಗಿನ ಒಂದೆರಡು ಗಂಟೆಯೇ ಬೇಸಗೆಯಲ್ಲಿ ಅದರ ಕೆಲಸದ ವೇಳೆ.

ಆದುದರಿಂದಲೇ ಬೆಳವಣಿಗೆ ಬಹಳ ನಿಧಾನ. ಇಂಥ ಎಲೆಯಾಕಾರದ ಲೈಕೆನ್‌ಗಳು ಸಾಮಾನ್ಯವಾಗಿ ವರ್ಷಕ್ಕೆ ಕೆಲವೇ ಮಿಲಿಮೀಟರ್ ಹರಡುತ್ತವೆ. ವರ್ಷಕ್ಕೆ 3 ಮಿಲಿಮೀಟರಿನಂತೆ ಸುತ್ತಲೂ ಹರಡಿದರೂ 10 ಸೆಂಟಿಮೀಟರ್ ಅಗಲವಾಗಲು ಸುಮಾರು 17 ವರ್ಷ ಬೇಕು. ಇಂದು ನೆಟ್ಟ ಅಡಿಕೆ ಸಸಿ ಫಲಕ್ಕೆ ಬಂದು, ಆಮೇಲೆ ಹತ್ತು ಕೊಯ್ಲು ಕೊಟ್ಟಾದರೂ ಕಲ್ಲುಹೂವು ಅಂಗೈಯಗಲ ಮಾತ್ರ! ಒಬ್ಬ ಆಳು ಅದನ್ನು ಕೆರೆದು ಚೀಲಕ್ಕೆ ಹಾಕಲು ಅರ್ಧ ನಿಮಿಷ ಸಾಕು. ವ್ಯಾಪಾರಿಗೆ ಇದು ಗೊತ್ತಿಲ್ಲದಿರಬಹುದು. ನಮಗೆ ಗೊತ್ತಿರಬೇಕು.

ಉಪಯೋಗಗಳು

ನಮ್ಮ ಹೆಂಗಸರಿಗೆ ಇದರ ಪರಿಚಯ ಹೇಳಬೇಕಾದ್ದಿಲ್ಲ. ಬಿಸಿಬೇಳೆಭಾತಿನ ಪುಡಿಗೆ ಮರಾಠಿ ಮೊಗ್ಗಿನ ಜೊತೆಗೆ ಬೀಳುವುದು ಇದೇ. ಮರಾಠಿಯವರು ದಗಡ್ ಫೂಲ್ ಎಂದು ಗೋಡಾ ಮಸಾಲೆಗೂ, ಚೆಟ್ಟಿನಾಡಿನವರು ಕಲ್ಪಾಸಿ ಎಂದು ತಮ್ಮ ಅಡಿಗೆಗೂ ಬಳಸುತ್ತಾರೆ. ಹಸಿಯಾಗಿ ಮೂಸಿದರೆ ಹೆಚ್ಚು ವಾಸನೆಯಿಲ್ಲ. ತುಪ್ಪದಲ್ಲೋ ಎಣ್ಣೆಯಲ್ಲೋ ಹುರಿದಾಗ ಮಣ್ಣಿನ, ಹೊಗೆಯ ಘಮ ಏಳುತ್ತದೆ. ಚಿಟಿಕೆ ಹೆಚ್ಚಾದರೆ ಕಹಿ. ಅಂಗಡಿಯ ಪೊಟ್ಟಣದಲ್ಲಿ ಒಂದೇ ಜಾತಿ ಇರುವುದು ಅಪರೂಪ. ಹೋಲುವ ಹಲವು ಲೈಕೆನ್‌ಗಳೂ ತೊಗಟೆಯ ಚೂರುಗಳೂ ಬೆರೆತಿರುತ್ತವೆ. ಆಯ್ದು, ತೊಳೆದು ಬಳಸಬೇಕು.

ಆಯುರ್ವೇದದಲ್ಲಿ ಶೈಲೇಯ ಎಂಬುದು ಇದೇ ಗುಂಪಿನದು. ಕನೌಜಿನ ಅತ್ತರು ತಯಾರಕರು ಛರೀಲಾ ಎಂಬ ಹೆಸರಿನಲ್ಲಿ ಇದನ್ನು ಸುಗಂಧಕ್ಕೆ ಸೇರಿಸುತ್ತಾರೆ. ಶಾಲೆಯಲ್ಲಿ ಹುಳಿ ಪರೀಕ್ಷೆಗೆ ನಾವು ಅದ್ದುತ್ತಿದ್ದ ಲಿಟ್ಮಸ್ ಕಾಗದದ ಬಣ್ಣ ಕೂಡ ಮೂಲತಃ ರೊಸೆಲ್ಲಾ ಎಂಬ ಲೈಕೆನ್‌ನಿಂದ ಬಂದದ್ದು. ಇನ್ನು ತೋಟದಲ್ಲಿಯೇ ನೋಡಿದರೆ, ಮಿನಿವೆಟ್ ಎಂಬ ಕೆಂಪು-ಕಪ್ಪು ಹಕ್ಕಿ ತನ್ನ ಗೂಡಿನ ಹೊರಮೈಗೆ ಜೇಡರ ಬಲೆಯಿಂದ ಲೈಕೆನ್ ಚೂರುಗಳನ್ನು ಅಂಟಿಸಿ, ಗೂಡು ಕೊಂಬೆಯ ಗಂಟಿನಂತೆ ಕಾಣುವ ಹಾಗೆ ಮಾಡುತ್ತದೆ.

ಗಾಳಿಯ ಲೆಕ್ಕ ಬರೆಯುವ ಗುಮಾಸ್ತ

ಬೇರಿಲ್ಲದೆ ಗಾಳಿಯನ್ನೇ ನಂಬಿ ಬದುಕುವುದರಿಂದ ಗಾಳಿ ಕೆಟ್ಟರೆ ಮೊದಲು ಸಾಯುವುದೂ ಇದೇ. 1866ರಷ್ಟು ಹಿಂದೆಯೇ ವಿಲಿಯಂ ನೈಲಾಂಡರ್ ಎಂಬ ಫಿನ್ಲೆಂಡಿನ ವಿದ್ವಾಂಸ, ಪ್ಯಾರಿಸ್ ನಗರದಲ್ಲಿ ಲೈಕೆನ್‌ಗಳ ಇರವಿನಿಂದ ಗಾಳಿಯ ಶುದ್ಧಿಯನ್ನು ಅಳೆಯಬಹುದೆಂದು ಬರೆದ. ಕಲ್ಲಿದ್ದಲ ಹೊಗೆಯ ಗಂಧಕದ ಡೈಆಕ್ಸೈಡ್ ಅನಿಲಕ್ಕೆ ಹಲವು ಜಾತಿಗಳು ತಡೆಯಲಾರವು.

ಸಾಯದೆ ಉಳಿದರೆ, ಗಾಳಿಯಲ್ಲಿ ಬಂದದ್ದನ್ನೆಲ್ಲ ಹೀರಿ ಕೂಡಿಟ್ಟುಕೊಳ್ಳುತ್ತದೆ. 1986ರ ಚೆರ್ನೋಬಿಲ್ ಅಪಘಾತದ ನಂತರ ಸ್ವೀಡನ್, ನಾರ್ವೆಗಳಲ್ಲಿ ವಿಕಿರಣದ ಧೂಳು ಲೈಕೆನ್‌ಗಳಲ್ಲಿ ನಿಂತು, ಅವನ್ನು ಮೇಯುವ ಹಿಮಸಾರಂಗಗಳ ಮಾಂಸವೂ ತಿನ್ನಲಾರದ್ದಾಯಿತು. ದೂರದ ಕಥೆಯೆಂದು ಬಿಡಬೇಡಿ. ಕೊಳೆರೋಗಕ್ಕೆಂದು ಅಡಿಕೆಗೆ ನಾವು ಬೋರ್ಡೋ ದ್ರಾವಣ ಹೊಡೆಯುತ್ತೇವೆ. ಕಾಫಿಗೂ ತಾಮ್ರದ ಔಷಧ, ಕೀಟನಾಶಕ ಹೊಡೆಯುತ್ತೇವೆ. ಆ ತುಂತುರು ಬಿದ್ದ ಲೈಕೆನ್‌ನಲ್ಲಿ ತಾಮ್ರ ನಿಲ್ಲುತ್ತದೆ. ಅದನ್ನು ಕೆರೆದು ಮಾರಿದರೆ, ಯಾರದೋ ಮನೆಯ ಭಾತಿನ ಪುಡಿಯಲ್ಲಿ ನಮ್ಮ ಔಷಧ ಸೇರುತ್ತದೆ. ಚೀಲದ ಮೇಲೆ ಇರುವುದು ನಮ್ಮ ಸಂಘದ ಹೆಸರು.

ಹಾಗಾದರೆ ಏನು ಮಾಡೋಣ?

ಕಾರ್ಯದರ್ಶಿಯಾಗಿ ಮಂಡಳಿಯ ಮುಂದೆ ನಾನು ಇಡಲಿರುವ ಅಭಿಪ್ರಾಯ ಹೀಗಿದೆ.

1. ನಿಂತ ಮರದಿಂದ ಕಲ್ಲುಹೂವು ಕೆರೆಸುವುದು ಬೇಡ. ಮುಂಗಾರಿಗೆ ಮೊದಲು ಮರಗಸಿ ಮಾಡಿದಾಗ ಕೆಳಗೆ ಬೀಳುವ ಕೊಂಬೆಗಳಲ್ಲಿ, ಗಾಳಿಗೆ ಮುರಿದ ರೆಂಬೆಗಳಲ್ಲಿ ಸಿಕ್ಕುವಷ್ಟನ್ನು ಮಾತ್ರ ಬಿಡಿಸಿಕೊಳ್ಳೋಣ. ಅದು ಹೇಗೂ ಸೌದೆಯೊಂದಿಗೆ ಒಲೆ ಸೇರುವಂಥದ್ದು.

2. ಔಷಧ ಸಿಂಪಡಿಸಿದ ಪಟ್ಟಿಯಿಂದ, ಡಾಂಬರು ರಸ್ತೆಯ ಅಂಚಿನ ಮರದಿಂದ ಒಂದು ಚೂರನ್ನೂ ಮಾರಾಟಕ್ಕೆ ತೆಗೆಯಬಾರದು.

3. ನೆರಳಲ್ಲಿ ಒಣಗಿಸಿ, ತೊಗಟೆ-ಮಣ್ಣು ಆಯ್ದು, ಗಾಳಿಯಾಡುವ ಚೀಲದಲ್ಲಿ ಇಡಬೇಕು. ಹಸಿ ಇದ್ದರೆ ಬೂಷ್ಟು ಹಿಡಿಯುತ್ತದೆ.

4. ಕಾಡಿನ ಮಾಲು ನಮ್ಮ ತೂಕದ ತಟ್ಟೆಗೆ ಬರಕೂಡದು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಜೇನು, ನೆಲ್ಲಿಕಾಯಿಗಳ ಜೊತೆಗೆ ಕಲ್ಲುಹೂವನ್ನೂ ಆಯ್ದು ತಮ್ಮ ಸಹಕಾರ ಸಂಘದ ಮೂಲಕ ಮಾರಿ ಬದುಕಿದವರು. 2011ರಲ್ಲಿ ಅವರಿಗೆ ಸಮುದಾಯ ಅರಣ್ಯ ಹಕ್ಕು ದೊರಕಿತು. ಕಾಡಿನ ಹುಟ್ಟುವಳಿ ಅಂಥವರ ಹಕ್ಕು. ತೋಟದ ಹೆಸರಿನಲ್ಲಿ ನಾವು ಅದಕ್ಕೆ ಕೈ ಹಾಕುವುದು ಕಾನೂನಿಗೂ ಸಲ್ಲದು, ನ್ಯಾಯಕ್ಕೂ ಸಲ್ಲದು.

ಹೀಗೆ ಮಾಡಿದರೆ ಸಿಕ್ಕುವುದು ಚೀಲಗಟ್ಟಲೆ ಅಲ್ಲ, ಮನೆಗೊಂದಿಷ್ಟು. ಸಂಘಕ್ಕೆ ಲಾಭ ಅತ್ಯಲ್ಪ ಎಂಬುದನ್ನು ಮುಚ್ಚಿಡುವುದಿಲ್ಲ. ಕಾಫಿಯ ದರ ಇಳಿದ ವರ್ಷ ನಾಲ್ಕು ಕಾಸಿನ ಬೆಲೆ ಏನೆಂಬುದು ಸಣ್ಣ ಹಿಡುವಳಿದಾರನಾದ ನನಗೂ ಗೊತ್ತು. ಆದರೆ ಒಮ್ಮೆ ಕೆರೆದು ಮಾರಿದ ಮೇಲೆ ಮತ್ತೆ ಮಾರಲು ಹದಿನೇಳು ವರ್ಷ ಕಾಯಬೇಕಾದ ಸರಕನ್ನು ಬೆಳೆ ಎಂದು ಕರೆಯಲು ಬಾರದು.

ಮೊನ್ನೆ ಆ ಹಿರಿಯ ಸದಸ್ಯರು ನಮ್ಮ ತೋಟಕ್ಕೆ ಬಂದಿದ್ದಾಗ ಹಲಸಿನ ಮರದ ಬಳಿ ನಿಲ್ಲಿಸಿ, ಚೊಂಬಿನಿಂದ ಒಂದಿಷ್ಟು ನೀರು ಚಿಮುಕಿಸಿ ತೋರಿಸಿದೆ. ಬೂದು ಹಸಿರಾಗುವುದನ್ನು ನೋಡುತ್ತ ನಿಂತರು. "ಎಪ್ಪತ್ತು ವರ್ಷ ಇದರ ಪಕ್ಕದಲ್ಲೇ ಓಡಾಡಿದೆನಲ್ಲ ಮಾರಾಯರೇ" ಎಂದರು. ತಾವೂ ಒಮ್ಮೆ ಮಾಡಿ ನೋಡಿ. ತಮ್ಮ ಅಭಿಪ್ರಾಯಗಳನ್ನು ಮುಂದಿನ ಮಂಡಳಿ ಸಭೆಯೊಳಗೆ ಕಛೇರಿಗೆ ಬರೆದು ತಿಳಿಸಬೇಕಾಗಿ ಸದಸ್ಯರಲ್ಲಿ ಕೋರಿಕೆ.

ಕಾರ್ಯದರ್ಶಿ